ದುಡಿಯುವವನ ಮನಸ್ಸು ಮುದುಡುವುದೇಕೆ?

ಪರೀಕ್ಷೆಗೆ ಓದುತ್ತ ಕುಳಿತ ವಿದ್ಯಾರ್ಥಿಗೆ ಪಕ್ಕದ ಬೀದಿಯ ಮದುವೆಯ ಚಪ್ಪರದಲ್ಲಿ ಕೂಗುವ ಧ್ವನಿವರ್ಧಕಕ್ಕಿಂತ ದೊಡ್ಡ ಶತ್ರುವಿಲ್ಲ. ಆದರೆ ಅದೇ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ತಾನೇ ಹಾಕಿಕೊಂಡ ಹಾಡನ್ನು, ಅದು ಅಷ್ಟೇ ಗಟ್ಟಿಯಾಗಿದ್ದರೂ, ಗದ್ದಲವೆಂದು ಎಣಿಸುವುದಿಲ್ಲ. ಶಬ್ದದ ತೀವ್ರತೆಯನ್ನು ಅಳೆಯುವ ಉಪಕರಣವನ್ನು ಅವನ ಮೇಜಿನ ಮೇಲಿಟ್ಟರೆ ಎರಡಕ್ಕೂ ಅದು ಒಂದೇ ಅಂಕಿಯನ್ನು ತೋರಿಸೀತು. ಹಾಗಾದರೆ ಒಂದು ಸಂಕಟವಾಗಿ ಇನ್ನೊಂದು ಸಂತೋಷವಾಗುವುದೇಕೆ? ಒಂದು ಬೇಕಾದ ಹಾಡು, ಇನ್ನೊಂದು ಬೇಡವಾದುದು ಎಂದು ಹೇಳಿ ಮುಗಿಸಬಹುದು. ಅದು ನಿಜವೇ ಆದರೂ ಪೂರ್ಣವಾಗಿ ನಿಜವಲ್ಲ. ನಮ್ಮ ಹಾಡನ್ನು ನಾವು ಬೇಕೆಂದಾಗ ನಿಲ್ಲಿಸಬಲ್ಲೆವು. ಚಪ್ಪರದ ಹಾಡನ್ನು ನಿಲ್ಲಿಸಲಾರೆವು. ಕಿವಿಗೆ ತಿಳಿಯದ ಈ ಭೇದ ಮನಸ್ಸಿಗೆ ಚೆನ್ನಾಗಿ ತಿಳಿದಿರುತ್ತದೆ.

1960ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು ಈ ಭೇದವನ್ನು ಪ್ರಯೋಗದಿಂದ ಅಳೆಯಲು ಹೊರಟರು. ಅದಕ್ಕಾಗಿ ಅವರು ಮೊದಲು ಒಂದು ಅಸಹ್ಯವಾದ ಗದ್ದಲವನ್ನೇ ತಯಾರಿಸಿಕೊಳ್ಳಬೇಕಾಯಿತು. ಇಬ್ಬರು ಸ್ಪ್ಯಾನಿಷ್ ಭಾಷೆಯಲ್ಲಿ ಆಡುವ ಮಾತು, ಒಬ್ಬರು ಆರ್ಮೇನಿಯನ್ ಭಾಷೆಯಲ್ಲಿ ಆಡುವ ಮಾತು, ಬೆರಳಚ್ಚು ಯಂತ್ರ, ಲೆಕ್ಕ ಮಾಡುವ ಯಂತ್ರ, ಪ್ರತಿ ತೆಗೆಯುವ ಯಂತ್ರ ಇವೆಲ್ಲದರ ಸದ್ದನ್ನು ಒಂದರ ಮೇಲೊಂದು ಮುದ್ರಿಸಿ, ಸುಮಾರು 108 ಡೆಸಿಬೆಲ್ ತೀವ್ರತೆಯಲ್ಲಿ, ಹೊತ್ತುಗೊತ್ತಿಲ್ಲದೆ ಬಿಟ್ಟು ಬಿಟ್ಟು ಕೇಳಿಸಿದರು. ಸಾಮಾನ್ಯ ಸಂಭಾಷಣೆಯ ತೀವ್ರತೆ ಸುಮಾರು 60 ಡೆಸಿಬೆಲ್. ಪ್ರತಿ 10 ಡೆಸಿಬೆಲಿಗೂ ತೀವ್ರತೆ ಹತ್ತುಪಟ್ಟಾಗುತ್ತದೆ ಎಂಬುದನ್ನು ನೆನೆದು ಲೆಕ್ಕ ಹಾಕಿದರೆ, ಇದು ಮಾತಿನ ಸದ್ದಿಗಿಂತ 60,000 ಪಟ್ಟಿಗೂ ಮಿಕ್ಕಿದ ತೀವ್ರತೆಯೆಂದು ವಾಚಕರೇ ಕಂಡುಕೊಳ್ಳಬಹುದು.

ಈ ಗದ್ದಲದ ನಡುವೆ ಕುಳಿತು ಕೆಲವರು ಕೂಡುವ ಕಳೆಯುವ ಲೆಕ್ಕಗಳೇ ಮುಂತಾದ ಸಣ್ಣಪುಟ್ಟ ಕೆಲಸಗಳನ್ನು ಮಾಡಬೇಕಾಗಿದ್ದಿತು. ಅವರಲ್ಲಿ ಒಂದು ಗುಂಪಿನವರ ಕೈಗೆಟುಕುವಂತೆ ಒಂದು ಗುಂಡಿಯನ್ನು ಇರಿಸಲಾಗಿದ್ದಿತು. ಗದ್ದಲ ತೀರ ಸಹಿಸಲಾರದಂತಾದರೆ ಇದನ್ನು ಒತ್ತಿ ನಿಲ್ಲಿಸಬಹುದು, ಆದರೆ ಒತ್ತದಿದ್ದರೆ ನಮಗೆ ಉಪಕಾರವಾಗುತ್ತದೆ ಎಂದು ಅವರಿಗೆ ಹೇಳಲಾಗಿದ್ದಿತು. ಅವರು ಒತ್ತಲಿಲ್ಲ. ಆದುದರಿಂದ ಗುಂಡಿಯಿದ್ದವರೂ ಇಲ್ಲದವರೂ ಒಂದೇ ಸದ್ದನ್ನು ಒಂದೇ ಹೊತ್ತು ಕೇಳಿದರು. ಕೇಳುತ್ತಿದ್ದಷ್ಟು ಹೊತ್ತೂ ಎರಡು ಗುಂಪುಗಳ ಕೆಲಸದಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಕಾಣಲಿಲ್ಲ. ಮನುಷ್ಯ ಸದ್ದಿಗೆ ಬಹು ಬೇಗ ಒಗ್ಗಿಕೊಳ್ಳುತ್ತಾನೆ. ಅಂತರ ಕಂಡುದು ಸದ್ದು ನಿಂತ ಮೇಲೆ. ಪೆನ್ಸಿಲನ್ನು ಎತ್ತದೆ, ಎಳೆದ ಗೆರೆಯನ್ನೇ ಮತ್ತೆ ಎಳೆಯದೆ ಚಿತ್ರ ಬರೆಯುವ ಒಗಟುಗಳನ್ನು ಎಲ್ಲರಿಗೂ ಕೊಟ್ಟರು. ಅವುಗಳಲ್ಲಿ ಕೆಲವು ಯಾರಿಂದಲೂ ಬಿಡಿಸಲಾಗದಂಥವು. ಗುಂಡಿಯಿದ್ದವರು ಮತ್ತೆ ಮತ್ತೆ ಪ್ರಯತ್ನಿಸಿದರು. ಇಲ್ಲದವರು ಬಹು ಬೇಗ ಕೈಚೆಲ್ಲಿದರು. ಅಚ್ಚಿನ ತಪ್ಪುಗಳನ್ನು ಗುರುತಿಸುವ ಕೆಲಸದಲ್ಲಿಯೂ ಗುಂಡಿಯಿಲ್ಲದವರೇ ಹೆಚ್ಚು ತಪ್ಪುಗಳನ್ನು ಕಾಣದೆ ಬಿಟ್ಟರು.

ಭೌತವಿಜ್ಞಾನ ಬೋಧಿಸುವ ನಮಗೆ ಇಂಥ ವಿಷಯದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಿಯಾರು. ಶಬ್ದದ ಪಾಠಕ್ಕಾಗಿ ಗದ್ದಲದ ಅಳತೆಗಳನ್ನು ಹುಡುಕುತ್ತಿದ್ದಾಗ ಈ ಪ್ರಯೋಗ ನಮ್ಮ ಕಣ್ಣಿಗೆ ಬಿದ್ದಿತು. ಒತ್ತದ ಗುಂಡಿಯೊಂದು ಇಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡುವುದಾದರೆ, ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ವರ್ಷ ದುಡಿಯುವವನ ಮುಂದೆ ಅಂಥ ಗುಂಡಿ ಇದೆಯೇ ಇಲ್ಲವೇ ಎಂಬುದು ಸಣ್ಣ ಪ್ರಶ್ನೆಯಾಗಲಾರದು. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇನ್ನು ಕೆಲವೇ ವರ್ಷಗಳಲ್ಲಿ ಯಾವುದಾದರೊಂದು ಕಚೇರಿಯ, ಕಾರ್ಖಾನೆಯ ಅಥವಾ ಶಾಲೆಯ ಬಾಗಿಲನ್ನು ನೌಕರರಾಗಿ ದಾಟಲಿರುವವರು. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಮೊದಲು ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. 1959ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಮೆಲ್ವಿನ್ ಸೀಮನ್ ಅವರು ದುಡಿಮೆಗೂ ಸಮಾಜಕ್ಕೂ ಮನುಷ್ಯನು ಪರಕೀಯನಾಗುವುದೆಂದರೆ ಏನೆಂಬುದನ್ನು ಐದು ಅರ್ಥಗಳಾಗಿ ಬಿಡಿಸಿದರು. ಅವುಗಳಲ್ಲಿ ಮೊದಲನೆಯದೇ ಅಸಹಾಯಕತೆ. ತಾನು ಏನು ಮಾಡಿದರೂ ತಾನು ಬಯಸುವ ಫಲ ಅದರಿಂದ ನಿರ್ಧಾರವಾಗುವುದಿಲ್ಲ ಎಂಬ ನಿರೀಕ್ಷೆಯೇ ಅಸಹಾಯಕತೆ ಎಂಬುದು ಅವರ ವಿವರಣೆಯ ಸಾರ. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಅದು ಬಲಹೀನತೆಯೂ ಅಲ್ಲ, ಬಡತನವೂ ಅಲ್ಲ, ಕೆಲಸದ ಭಾರವೂ ಅಲ್ಲ. ತಲೆಯ ಮೇಲೆ ಮೂಟೆ ಹೊತ್ತವನು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಇಳಿಸಿ ಉಸಿರು ಬಿಡಬೇಕೆಂಬುದನ್ನು ತಾನೇ ಗೊತ್ತುಮಾಡಬಲ್ಲ. ತಂಪಾದ ಕೋಣೆಯಲ್ಲಿ ಕುಳಿತು ಕಡತ ನೋಡುವ ಗುಮಾಸ್ತ ಒಂದು ಪತ್ರದ ಒಕ್ಕಣೆಯನ್ನೂ ಬದಲಿಸಲಾರದವನಾಗಿರಬಹುದು. ಇವರಿಬ್ಬರಲ್ಲಿ ಹೆಚ್ಚು ದಣಿಯುವವನು ಮೊದಲನೆಯವನು; ಹೆಚ್ಚು ಅಸಹಾಯಕನಾದವನು ಎರಡನೆಯವನು.

1964ರಲ್ಲಿ ರಾಬರ್ಟ್ ಬ್ಲೌನರ್ ಎಂಬವರು ಅಮೆರಿಕದ ನಾಲ್ಕು ಉದ್ಯಮಗಳ ಕೆಲಸಗಾರರನ್ನು ಹೋಲಿಸಿ ಒಂದು ಪುಸ್ತಕ ಬರೆದರು. ಅಚ್ಚುಕೂಟದವರು ತಮ್ಮ ಕೆಲಸದ ವೇಗವನ್ನು ತಾವೇ ಗೊತ್ತುಮಾಡಿಕೊಳ್ಳುತ್ತಿದ್ದರು. ಮೋಟಾರು ಕಾರುಗಳನ್ನು ಜೋಡಿಸುವವರ ವೇಗವನ್ನು ಅವರ ಮುಂದೆ ಹರಿಯುವ ಪಟ್ಟಿ ಗೊತ್ತುಮಾಡುತ್ತಿದ್ದಿತು. ಕೆಲಸದ ಬಗ್ಗೆ ಬೇಸರ ಎಲ್ಲಿ ಹೆಚ್ಚೆಂಬುದನ್ನು ಹೇಳಬೇಕಾದುದಿಲ್ಲ. ಆದರೆ ಇಂಥ ಹೋಲಿಕೆಗಳಿಗೆ ಒಂದು ಆಕ್ಷೇಪಣೆ ಯಾವಾಗಲೂ ಉಳಿದೇ ಇರುತ್ತದೆ. ಸ್ವಭಾವತಃ ಗೊಣಗುವವರೇ ಒಂದು ಕಡೆ ಸೇರಿಕೊಂಡು, ಸ್ವಭಾವತಃ ಸಮಾಧಾನಿಗಳೇ ಇನ್ನೊಂದು ಕಡೆ ಸೇರಿಕೊಂಡಿರಬಾರದೇಕೆ? ಮನೋಭಾವ ಕೆಲಸದಿಂದ ಹುಟ್ಟಿತೋ, ಕೆಲಸಗಾರ ಅದನ್ನು ಮನೆಯಿಂದಲೇ ಹೊತ್ತು ತಂದನೋ? ಇದಕ್ಕೆ ಉತ್ತರ ಬೇಕಾದರೆ ಮನುಷ್ಯರನ್ನು ಹಾಗೆಯೇ ಇರಿಸಿಕೊಂಡು ಕೆಲಸದ ಏರ್ಪಾಡನ್ನು ಮಾತ್ರ ಬದಲಿಸಿ ನೋಡಬೇಕು. ಅದೃಷ್ಟವಶಾತ್ ಅಂಥ ಒಂದು ಪ್ರಯೋಗ ಬ್ಲೌನರ್ ಬರೆಯುವುದಕ್ಕೆ ಬಹಳ ಮುಂಚೆಯೇ ನಡೆದುಹೋಗಿದ್ದಿತು.

ಅಮೆರಿಕದ ವರ್ಜೀನಿಯ ಸಂಸ್ಥಾನದ ಮೇರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಎಂಬ ಕಂಪೆನಿಯ ಪೈಜಾಮ ಹೊಲಿಯುವ ಕಾರ್ಖಾನೆ ಇದ್ದಿತು. ಕೆಲಸಗಾರರಲ್ಲಿ ಬಹುಮಂದಿ ಹೆಂಗಸರು. ಸರಾಸರಿ ವಯಸ್ಸು 23. ಮಾಡಿದ ಬಟ್ಟೆಗಳ ಲೆಕ್ಕದ ಮೇಲೆ ಕೂಲಿ. ಗಂಟೆಗೆ 60 ಎಂಬ ಅಂಕಿಯನ್ನು ಮುಟ್ಟಿದವರು ಪಳಗಿದವರೆಂದು ಲೆಕ್ಕ. ಬಟ್ಟೆಯ ನಮೂನೆ ಬದಲಾದಾಗಲೆಲ್ಲ ಕೆಲಸದ ಕ್ರಮವೂ ಬದಲಾಗುತ್ತಿದ್ದಿತು. ಆಗ ಕಂಪೆನಿಗೆ ತಲೆನೋವು ಮೊದಲಾಗುತ್ತಿದ್ದಿತು. ಹೀಗೆ ಕೆಲಸ ಬದಲಾದವರಲ್ಲಿ 100ಕ್ಕೆ 38 ಮಂದಿ ಮಾತ್ರ ಹಳೆಯ ವೇಗವನ್ನು ಮತ್ತೆ ಮುಟ್ಟುತ್ತಿದ್ದರು. ಉಳಿದ 62 ಮಂದಿ ಒಂದೋ ಹಿಂದೆಯೇ ಉಳಿಯುತ್ತಿದ್ದರು, ಇಲ್ಲವೇ ಕೆಲಸ ಬಿಟ್ಟುಹೋಗುತ್ತಿದ್ದರು. ಕೈ ಹೊಸ ಚಲನೆಯನ್ನು ಕಲಿಯಲು ಹೊತ್ತು ಬೇಕಾಗುತ್ತದೆ ಎನ್ನೋಣವೆಂದರೆ, ಬದಲಾವಣೆ ಎಷ್ಟೋ ಸಲ ತೀರ ಅಲ್ಪವಾಗಿರುತ್ತಿದ್ದಿತು.

ಕಾರ್ಖಾನೆಯ ನೌಕರವರ್ಗದ ಮೇಲ್ವಿಚಾರಕ ಲೆಸ್ಟರ್ ಕೋಕ್ ಮತ್ತು ಮನೋವಿಜ್ಞಾನಿ ಜಾನ್ ಫ್ರೆಂಚ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡು, ತಮ್ಮ ಫಲಿತಾಂಶಗಳನ್ನು 1948ರಲ್ಲಿ ಪ್ರಕಟಿಸಿದರು. ಮೊದಲನೆಯ ಗುಂಪಿನಲ್ಲಿ ಇಸ್ತ್ರಿ ಮಾಡುವ 18 ಮಂದಿ. ಅವರು ಅದುವರೆಗೆ ಬಟ್ಟೆಗಳನ್ನು ಆರಾರರಂತೆ ಒಂದು ರಟ್ಟಿನ ಮೇಲೆ ಜೋಡಿಸುತ್ತಿದ್ದರು. ಇನ್ನು ಮುಂದೆ ರಟ್ಟಿನ ಬದಲು ಒಂದು ಪೆಟ್ಟಿಗೆಯಲ್ಲಿ ಜೋಡಿಸಬೇಕು. ಬದಲಾವಣೆ ಇಷ್ಟೆ! ಅದಕ್ಕಾಗಿ ಡಜನ್ನಿಗೆ 2 ನಿಮಿಷ ಹೆಚ್ಚು ಕಾಲವನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. ಅವರನ್ನು ಒಂದು ಕೋಣೆಗೆ ಕರೆದು, ಪೈಪೋಟಿಯಿಂದಾಗಿ ಬದಲಾವಣೆ ಅನಿವಾರ್ಯವೆಂದೂ ಹೊಸ ದರ ಇಷ್ಟೆಂದೂ ಮರ್ಯಾದೆಯಿಂದಲೇ ತಿಳಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ ಕಳುಹಿಸಲಾಯಿತು. ಯಾರೂ ಗದರಲಿಲ್ಲ, ಯಾರೂ ಕೇಳಲೂ ಇಲ್ಲ.

ಉಳಿದ ಗುಂಪುಗಳಲ್ಲಿ ಕ್ರಮ ಬೇರೆಯಾಗಿದ್ದಿತು. ಅವರ ಮುಂದೆ ನೋಟಕ್ಕೆ ಒಂದೇ ಬಗೆಯಾದ ಎರಡು ಉಡುಪುಗಳನ್ನಿಟ್ಟರು. ಒಂದು 1946ರಲ್ಲಿ ತಯಾರಾದುದು, ಇನ್ನೊಂದು 1947ರಲ್ಲಿ. ಮೊದಲನೆಯದರ ಬೆಲೆ ಎರಡನೆಯದರ ಎರಡರಷ್ಟಿದ್ದಿತು. ಅಗ್ಗದ್ದು ಯಾವುದೆಂದು ಕೇಳಿದರೆ ಯಾರಿಗೂ ಹೇಳಲಾಗಲಿಲ್ಲ. ಖರ್ಚು ತಗ್ಗಿಸಬೇಕಾದ ಅವಶ್ಯಕತೆ ಆಗ ಅವರಿಗೆ ಕಣ್ಣಾರೆ ಕಂಡಿತು. ಹೇಗೆ ತಗ್ಗಿಸುವುದೆಂಬುದನ್ನು ಅವರೊಡನೆಯೇ ಚರ್ಚಿಸಲಾಯಿತು. 13 ಮಂದಿಯ ಒಂದು ಗುಂಪು ತನ್ನ ಪ್ರತಿನಿಧಿಗಳನ್ನು ಆರಿಸಿ ಅವರ ಮೂಲಕ ಹೊಸ ಕ್ರಮವನ್ನು ರೂಪಿಸಿತು. 8 ಮತ್ತು 7 ಮಂದಿಯ ಎರಡು ಚಿಕ್ಕ ಗುಂಪುಗಳಲ್ಲಿ ಎಲ್ಲರೂ ನೇರವಾಗಿ ಪಾಲುಗೊಂಡರು. ಅಲ್ಲಿ ಸಲಹೆಗಳು ಎಷ್ಟು ಬಂದವೆಂದರೆ ಬರೆದುಕೊಳ್ಳುವವರಿಗೆ ಸಾಕಾಗಿ ಹೋಯಿತಂತೆ.

ಫಲವೇನಾಯಿತು? ಹೇಳಿಸಿಕೊಂಡ ಗುಂಪು ಗಂಟೆಗೆ ಸುಮಾರು 50ರ ಅಂಕಿಯಲ್ಲಿಯೇ ನಿಂತುಬಿಟ್ಟಿತು. ಮೊದಲ 40 ದಿನಗಳಲ್ಲಿ 100ಕ್ಕೆ 17ರಂತೆ ಕೆಲಸ ಬಿಟ್ಟುಹೋದರು. ಮೇಲ್ವಿಚಾರಕರ ಮೇಲೆ ಸಿಡುಕು. ದರ ಅನ್ಯಾಯವಾದುದೆಂಬ ದೂರು. ದರವನ್ನು ಪರೀಕ್ಷಿಸಿ ನೋಡಿದಾಗ ಅದು ಕೆಲಸಗಾರರಿಗೇ ತುಸು ಅನುಕೂಲವಾಗಿ ಇದ್ದುದು ಕಂಡುಬಂದಿತು! ಪ್ರತಿನಿಧಿಗಳನ್ನು ಕಳುಹಿಸಿದ ಗುಂಪು 14 ದಿನಗಳಲ್ಲಿ 61ನ್ನು ಮುಟ್ಟಿತು. ಆ 40 ದಿನಗಳಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ. ನೇರವಾಗಿ ಪಾಲುಗೊಂಡ ಗುಂಪುಗಳು ಇನ್ನೂ ಬೇಗ ಚೇತರಿಸಿಕೊಂಡು, ಬದಲಾವಣೆಯ ಹಿಂದಿನ ತಮ್ಮ ಮಟ್ಟಕ್ಕಿಂತ 100ಕ್ಕೆ 14ರಷ್ಟು ಮೇಲೇರಿದವು. ಪ್ರತಿನಿಧಿಗಳು ಮಾತನಾಡುವಾಗ ಕೆಲಸವನ್ನೂ ದರವನ್ನೂ ಕಂಪೆನಿಯದೆನ್ನದೆ ನಮ್ಮದು ಎನ್ನತೊಡಗಿದ್ದರೆಂಬುದನ್ನೂ ವರದಿ ಮಾಡಿದವರು ಗಮನಿಸಿದ್ದಾರೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಹಳೆಯ ಆಕ್ಷೇಪಣೆಯನ್ನು ಮತ್ತೆ ಎತ್ತಬಹುದಾಗಿದ್ದಿತು. ಇಸ್ತ್ರಿಯವರೇ ಗೊಣಗುವ ಜನರಾಗಿದ್ದರೆ? ಆದರೆ ಎರಡೂವರೆ ತಿಂಗಳ ಬಳಿಕ, ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಟ್ಟುಗೂಡಿಸಿ ಬೇರೊಂದು ಕೆಲಸಕ್ಕೆ ಹಾಕಲಾಯಿತು. ಈ ಸಲ ಅವರೆಲ್ಲರನ್ನೂ ಕೇಳಿ, ಅವರ ಕೈಯಿಂದಲೇ ಹೊಸ ಕ್ರಮವನ್ನು ರೂಪಿಸಿ. ಅದೇ ಜನ, ಅದೇ ಕಾರ್ಖಾನೆ. ಬಹು ಬೇಗ ಅವರು ತಮ್ಮ ವೇಗವನ್ನು ಮರಳಿ ಪಡೆದು ಅದನ್ನು ಮೀರಿದರು. ಸಿಡುಕಿರಲಿಲ್ಲ, ಯಾರೂ ಬಿಟ್ಟು ಹೋಗಲಿಲ್ಲ. ಭೌತವಿಜ್ಞಾನದಲ್ಲಿ ಒಂದು ರಾಶಿಯನ್ನು ಮಾತ್ರ ಬದಲಿಸಿ ಉಳಿದುವನ್ನು ಸ್ಥಿರವಾಗಿ ಇರಿಸಿಕೊಳ್ಳಬೇಕೆಂದು ನಾವು ಬೋಧಿಸುತ್ತೇವೆ. ಮನುಷ್ಯರ ನಡುವೆ ಆ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಈ ಕೊನೆಯ ಹೆಜ್ಜೆಯ ಬೆಲೆ ತಿಳಿಯುತ್ತದೆ. ಗುಂಪುಗಳು ಚಿಕ್ಕವಾಗಿದ್ದುವು ಎಂಬ ದೋಷವನ್ನು ಮಾತ್ರ ಮರೆಯಬಾರದು.

ಹಾಗಾದರೆ ನೌಕರರ ಸಭೆ ಕರೆದುಬಿಟ್ಟರೆ ಎಲ್ಲವೂ ಸರಿಹೋಗುವುದೇ? ಅನೇಕ ಮಾಲೀಕರು ಹಾಗೆಯೇ ಭಾವಿಸಿದರು. 1960ರಲ್ಲಿ ಫ್ರೆಂಚ್ ಅವರೇ ಇಬ್ಬರು ಸಹೋದ್ಯೋಗಿಗಳೊಡನೆ ನಾರ್ವೆ ದೇಶದ ಒಂದು ಪಾದರಕ್ಷೆಯ ಕಾರ್ಖಾನೆಯಲ್ಲಿ ನಡೆಸಿದ ಇಂಥದೇ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿ ಉತ್ಪಾದನೆ ಹೆಚ್ಚಲಿಲ್ಲ. ಕಾರಣಗಳಲ್ಲಿ ಒಂದೆಂದರೆ, ಅಲ್ಲಿನ ಕೆಲಸಗಾರರಿಗೆ ನಿರ್ಧರಿಸಲು ಬಿಟ್ಟಿದ್ದ ವಿಷಯಗಳು ಉತ್ಪಾದನೆಗೆ ಅಷ್ಟಾಗಿ ಸಂಬಂಧಿಸಿದವಾಗಿರಲಿಲ್ಲ. ನಮಗೆ ಈ ವಿಫಲ ಪ್ರಯೋಗ ಸಫಲವಾದುದಕ್ಕಿಂತ ಕಡಿಮೆಯದಾಗಿ ತೋರುವುದಿಲ್ಲ. ಗ್ಲಾಸ್ ಮತ್ತು ಸಿಂಗರ್ ಅವರ ಕೋಣೆಯಲ್ಲಿ ಗುಂಡಿಗೆ ತಂತಿ ಜೋಡಿಸಿತ್ತೇ ಇಲ್ಲವೇ ಎಂಬುದು ಒತ್ತದವರಿಗೆ ತಿಳಿಯುವಂತಿರಲಿಲ್ಲ. ಅರ್ಧ ಗಂಟೆಯ ಪ್ರಯೋಗಕ್ಕೆ ನಂಬಿಕೆಯೇ ಸಾಕು. ಆದರೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುವವನು ಒಂದಲ್ಲ ಒಂದು ದಿನ ಗುಂಡಿಯನ್ನು ಒತ್ತಿಯೇ ನೋಡುತ್ತಾನೆ. ತಂತಿ ಇಲ್ಲವೆಂದು ಗೊತ್ತಾದ ದಿನ, ಗುಂಡಿಯೇ ಇಲ್ಲದಿದ್ದುದಕ್ಕಿಂತ ಅವನ ಮನಸ್ಸು ಕಹಿಯಾಗುತ್ತದೆ. ಗೋಡೆಗೆ ತೂಗುಹಾಕಿದ ಸಲಹಾ ಪೆಟ್ಟಿಗೆಗಳಲ್ಲಿ ಅನೇಕವುಗಳ ಬೀಗದ ಕೈ ಎಲ್ಲಿದೆಯೆಂದು ಆ ಕಚೇರಿಯವರಿಗೇ ತಿಳಿಯದಿರುವುದನ್ನು ನಾವೂ ಕಂಡಿದ್ದೇವೆ.

ತಂತಿಯಿದ್ದ ಗುಂಡಿಗೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಅಹಮದಾಬಾದಿನ ಕ್ಯಾಲಿಕೊ ಮಿಲ್ಲು ಈಗ ಮುಚ್ಚಿಹೋಗಿದೆ. 1950ರ ದಶಕದಲ್ಲಿ ಅದರ ಆಡಳಿತವನ್ನು ನಡೆಸುತ್ತಿದ್ದ ಗೌತಮ್ ಸಾರಾಭಾಯಿ ಅವರು ನಮ್ಮ ಬಾಹ್ಯಾಕಾಶ ಸಂಶೋಧನೆಗೆ ತಳಹದಿ ಹಾಕಿದ ವಿಕ್ರಮ್ ಸಾರಾಭಾಯಿ ಅವರ ಅಣ್ಣ. 1952ರಲ್ಲಿ ಅಲ್ಲಿ ಒಂದು ಶೆಡ್ಡಿನಲ್ಲಿ 224 ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಯಂತ್ರಗಳು ಹೊಸವು, ಹವೆಯ ತೇವವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೂ ಇದ್ದಿತು. ಆದರೂ ನಿರೀಕ್ಷಿಸಿದ ಬಟ್ಟೆ ಬರಲಿಲ್ಲ, ಬಂದುದರಲ್ಲಿ ದೋಷಗಳು ಹೆಚ್ಚು. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯಿಂದ ಎ. ಕೆ. ರೈಸ್ ಎಂಬವರು ಬಂದು ನೋಡಿದರು.

ಶೆಡ್ಡಿನಲ್ಲಿ 29 ಮಂದಿ ಕೆಲಸಗಾರರು. ನೇಯುವವನು ಒಬ್ಬ, ನೂಲಿನ ಉರುಳೆಗಳನ್ನು ತುಂಬುವವನು ಒಬ್ಬ, ಕಡಿದ ಎಳೆಗಳ ಗೊಂದಲವನ್ನು ಸರಿಪಡಿಸುವವನು ಮತ್ತೊಬ್ಬ, ಎಣ್ಣೆ ಬಿಡುವವನು, ಗುಡಿಸುವವನು, ಬಟ್ಟೆ ಹೊರುವವನು. ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು. ಒಬ್ಬೊಬ್ಬರ ಪಾಲಿಗೆ ಬರುವ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಉಂಟಾಗಿದ್ದಿತು. ನೇಯುವವನ ಮಗ್ಗ ನಿಂತರೆ ಅದನ್ನು ಮತ್ತೆ ನಡೆಸುವುದು ಅವನ ಕೈಯಲ್ಲಿಲ್ಲ, ಸರಿಪಡಿಸುವವನು ಬರಬೇಕು. ಆ ಸರಿಪಡಿಸುವವನು ಆಗ ಇನ್ನೊಬ್ಬ ನೇಯುವವನ ಮಗ್ಗದ ಬಳಿ ಇದ್ದಾನೆ. ಒಬ್ಬನ ಕೆಲಸ ಇನ್ನೊಬ್ಬನನ್ನು ಪೂರ್ಣವಾಗಿ ಅವಲಂಬಿಸಿದ್ದರೂ ಒಬ್ಬನಿಗೆ ಇನ್ನೊಬ್ಬನೊಡನೆ ನಿಶ್ಚಿತವಾದ ಸಂಬಂಧವಿಲ್ಲ. ಎಲ್ಲರ ಮೇಲೂ ಯಾರಾದರೊಬ್ಬರ ಅಧಿಕಾರವಿದೆ. ಯಾರಿಗೂ ಒಂದು ಮಗ್ಗದ ಮೇಲಾದರೂ ಪೂರ್ಣ ಹಿಡಿತವಿಲ್ಲ. ಅಸಹಾಯಕತೆ ಎಂಬುದು ಸದಾ ಕ್ರೂರನಾದ ಯಜಮಾನನಿಂದಲೇ ಬರಬೇಕಾಗಿಲ್ಲ. ಕೆಲಸವನ್ನು ತುಂಡು ಮಾಡಿದ ರೀತಿಯಿಂದಲೇ ಅದು ಹುಟ್ಟಬಹುದು.

ರೈಸ್ ಅವರು ಸೂಚಿಸಿದುದು ಬಹು ಸರಳವಾದ ಸಂಗತಿ. ಎಲ್ಲರೂ ಎಲ್ಲ ಮಗ್ಗಗಳಿಗೂ ಚದುರಿಹೋಗುವ ಬದಲು, 64 ಮಗ್ಗಗಳಿಗೆ 7 ಮಂದಿಯ ಒಂದು ಗುಂಪು ಪೂರ್ಣವಾಗಿ ಹೊಣೆಯಾಗಲಿ. ಯಾರು ಯಾವಾಗ ಏನು ಮಾಡಬೇಕೆಂಬುದನ್ನು ಅವರೇ ನೋಡಿಕೊಳ್ಳಲಿ ಎಂದು. ಈ ಮಾತು ಕಿವಿಗೆ ಬಿದ್ದುದೇ ತಡ, ಕೆಲಸಗಾರರು ಅದನ್ನು ತಮ್ಮದಾಗಿ ಮಾಡಿಕೊಂಡು, ಗುಂಪುಗಳಿಗೆ ಜನರನ್ನೂ ತಾವೇ ಆರಿಸಿಕೊಂಡರು. ಆರಂಭದ ಏರಿಳಿತಗಳು ಕಳೆದ ಮೇಲೆ ಮಗ್ಗಗಳ ದಕ್ಷತೆ 100ಕ್ಕೆ ಸುಮಾರು 80ರಿಂದ 95ಕ್ಕೆ ಏರಿತೆಂದೂ, ದೋಷವಿರುವ ಬಟ್ಟೆ ಸುಮಾರು 32ರಿಂದ 20ಕ್ಕೆ ಇಳಿಯಿತೆಂದೂ ವರದಿಗಳು ಹೇಳುತ್ತವೆ. ಕೂಲಿಯೂ ಅದರೊಡನೆ ಹೆಚ್ಚಿದುದರಿಂದ ಏರಿಕೆಯ ಎಷ್ಟು ಭಾಗ ಹಿಡಿತದಿಂದ, ಎಷ್ಟು ಭಾಗ ಹಣದಿಂದ ಬಂದಿತೆಂಬ ತರ್ಕ ಆಮೇಲೆ ನಡೆದಿದೆ. ಆ ತರ್ಕ ನ್ಯಾಯವಾದುದೇ. 1970ರ ಸುಮಾರಿಗೆ ಎರಿಕ್ ಮಿಲ್ಲರ್ ಎಂಬವರು ಮತ್ತೆ ಹೋಗಿ ನೋಡಿದಾಗ, ಗುಂಪು ಪದ್ಧತಿ ಒಂದೆಡೆ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದು, ಬೇರೆಡೆಗಳಲ್ಲಿ ಸಡಿಲವಾಗಿದ್ದುದು ಕಂಡುಬಂದಿತು.

ಇನ್ನು ಮನಸ್ಸಿನೊಳಗೆ ನಡೆಯುವುದೇನೆಂಬುದನ್ನು ವಿಚಾರಿಸೋಣ. ಅಸಹಾಯಕನಾದ ನೌಕರನ ವರ್ತನೆ ಎರಡು ಪರಸ್ಪರ ವಿರುದ್ಧವಾದ ರೂಪಗಳಲ್ಲಿ ಕಾಣುತ್ತದೆ. ಒಬ್ಬ ಸಿಡಿಯುತ್ತಾನೆ, ವಾದಿಸುತ್ತಾನೆ, ನಿಯಮಗಳಿಗೆ ಅಡ್ಡ ಬರುತ್ತಾನೆ. ಇನ್ನೊಬ್ಬ ಹೇಳಿದಷ್ಟನ್ನು ಮಾಡಿ ಸುಮ್ಮನಾಗುತ್ತಾನೆ. ಏನು ಕೇಳಿದರೂ ನಮಗೇಕೆ ಸ್ವಾಮಿ ಎನ್ನುತ್ತಾನೆ. ಇವು ಎರಡು ಬಗೆಯ ಸ್ವಭಾವಗಳಲ್ಲ, ಒಂದೇ ದಾರಿಯ ಎರಡು ಹಂತಗಳು ಇರಬಹುದೆಂದು 1975ರಲ್ಲಿ ಕ್ಯಾಮಿಲ್ ವರ್ಟ್‌ಮನ್ ಮತ್ತು ಜ್ಯಾಕ್ ಬ್ರೆಮ್ ಅವರು ತೋರಿಸಿದರು. ಹಿಡಿತವಿರಬೇಕೆಂದು ಎದುರುನೋಡುವವನು ಅದು ಕೈತಪ್ಪಿದಾಗ ಮೊದಲು ಹೋರಾಡುತ್ತಾನೆ. ಹೋರಾಟ ಮತ್ತೆ ಮತ್ತೆ ವಿಫಲವಾದರೆ ಎದುರುನೋಡುವುದನ್ನೇ ಬಿಡುತ್ತಾನೆ. 1989ರಲ್ಲಿ ಬ್ಲೇಕ್ ಆಷ್‌ಫೋರ್ತ್ ಇದೇ ಎಳೆಯನ್ನು ಸಂಸ್ಥೆಗಳಲ್ಲಿನ ಕೆಲಸಕ್ಕೆ ಅನ್ವಯಿಸಿದರು. ಇದರಿಂದ ಹೊರಡುವ ಒಂದು ಪರಿಣಾಮ ಮೇಲಧಿಕಾರಿಗಳಿಗೆ ಅಷ್ಟು ಹಿತವಾದುದಲ್ಲ. ಗಲಾಟೆ ಮಾಡುವ ನೌಕರನಿಗೆ ಕೆಲಸದಲ್ಲಿ ಇನ್ನೂ ಆಸೆಯಿದೆ. ಎಲ್ಲದಕ್ಕೂ ಒಪ್ಪಿ ತಲೆಯಾಡಿಸುವವನು ಎಷ್ಟೋ ವೇಳೆ ಒಳಗಿನಿಂದ ಆಗಲೇ ರಾಜೀನಾಮೆ ಕೊಟ್ಟವನು. ಕಚೇರಿಗಳಲ್ಲಿ ಬೆನ್ನು ತಟ್ಟಿಸಿಕೊಳ್ಳುವವನು ಸಾಮಾನ್ಯವಾಗಿ ಈ ಎರಡನೆಯವನೇ.

ಎದುರುನೋಡುವುದನ್ನು ಬಿಡುವುದೆಂದರೆ ಏನು? 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಒಂದು ಪ್ರಯೋಗ ಲೋಕಪ್ರಸಿದ್ಧವಾಗಿದೆ. ಓದುವಾಗ ಸಂಕಟವಾಗುವ ಪ್ರಯೋಗವೂ ಹೌದು. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ ವಿದ್ಯುದಾಘಾತ. ಒಂದು ಗುಂಪಿನವು ತಲೆಯಿಂದ ಒಂದು ಹಲಗೆಯನ್ನು ಒತ್ತಿ ಅದನ್ನು ನಿಲ್ಲಿಸಬಹುದಾಗಿದ್ದಿತು; ಇನ್ನೊಂದು ಗುಂಪಿನವು ಏನು ಮಾಡಿದರೂ ನಿಲ್ಲಿಸಲಾಗುತ್ತಿರಲಿಲ್ಲ. ಮರುದಿನ ಇವನ್ನು ಒಂದು ಗಿಡ್ಡ ತಡೆಯನ್ನು ಹಾರಿದರೆ ಪಾರಾಗುವ ಪೆಟ್ಟಿಗೆಯಲ್ಲಿ ಬಿಟ್ಟರು. ಎರಡನೆಯ ಗುಂಪಿನ ಎಂಟರಲ್ಲಿ ಆರು ನಾಯಿಗಳು ಹಾರದೆ ಆಘಾತವನ್ನು ಅನುಭವಿಸುತ್ತ ಉಳಿದವು. ಇದನ್ನು ಕಲಿತ ಅಸಹಾಯಕತೆ ಎಂದು ಕರೆದರು. ಅಸಹಾಯಕತೆ ಒಂದು ಪಾಠ, ಪ್ರಾಣಿ ಅದನ್ನು ಕಲಿಯುತ್ತದೆ ಎಂಬುದು ಆಗಿನ ವಿವರಣೆ.

ಆದರೆ ವಿಜ್ಞಾನದಲ್ಲಿ ಪ್ರಸಿದ್ಧಿ ಬೇರೆ, ಸತ್ಯ ಬೇರೆ. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಬಗ್ಗೆ ನಡುವೆ ದೊರೆತ ತಿಳಿವಳಿಕೆಯನ್ನು ಆಧರಿಸಿ ತಮ್ಮ ವಿವರಣೆಯನ್ನೇ ತಲೆಕೆಳಗು ಮಾಡಿದರು. ದೀರ್ಘಕಾಲದ ಹಿಂಸೆಗೆ ಮುದುಡಿಕೊಳ್ಳುವುದು ಕಲಿತ ವರ್ತನೆಯಲ್ಲ. ಅದು ಜೀವಿಗೆ ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಹಿಡಿತವಿದೆ ಎಂಬುದನ್ನೇ ಮಿದುಳು ಕಲಿಯಬೇಕಾದುದು. ಕಲಿತಾಗ ಮಿದುಳಿನ ಮುಂಭಾಗವು ಆ ಮುದುಡುವಿಕೆಯನ್ನು ತಡೆಯುತ್ತದೆ. ತಮ್ಮ ಹೆಸರಿಗೆ ಅಂಟಿಕೊಂಡ ಸಿದ್ಧಾಂತವನ್ನು ತಾವೇ ತಿದ್ದಿದ ಇವರ ಧೈರ್ಯವನ್ನು ಮೆಚ್ಚಲೇಬೇಕು. ದುಡಿಮೆಗೆ ಇದನ್ನು ಅನ್ವಯಿಸಿದರೆ, ನೌಕರನ ಉತ್ಸಾಹವನ್ನು ಯಾರೂ ಕೆಡಿಸದಿದ್ದರೆ ಸಾಕು ಎಂಬ ಮಾತು ನಿಲ್ಲಲಾರದು. ತಾನು ಮಾಡಿದುದರಿಂದ ಏನಾದರೂ ಬದಲಾಯಿತೆಂಬ ಅನುಭವ ಅವನಿಗೆ ಒಮ್ಮೆಯಾದರೂ ದೊರೆಯಬೇಕು. ಪ್ರಾಣಿಗಳಿಂದ ಮನುಷ್ಯರಿಗೆ ನೆಗೆಯುವಾಗ ಜಾರುವ ಭಯ ಇದ್ದೇ ಇದೆ ಎಂಬುದನ್ನು ಒಪ್ಪಿಕೊಂಡೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಇಂಗ್ಲೆಂಡಿನ ಸರ್ಕಾರಿ ನೌಕರರ ಅಧ್ಯಯನವಂತೂ ಇದನ್ನು ಮನಸ್ಸಿನಿಂದ ಹೃದಯಕ್ಕೆ, ಅಂದರೆ ನಿಜವಾದ ಹೃದಯಕ್ಕೆ, ತಂದು ಮುಟ್ಟಿಸಿತು. 1985ರಲ್ಲಿ ಆರಂಭವಾಗಿ ಲಂಡನ್ನಿನ 10,308 ನೌಕರರನ್ನು ಅನೇಕ ವರ್ಷ ಹಿಂಬಾಲಿಸಿದ ಈ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ದೊಡ್ಡ ಹುದ್ದೆಯ ಚಿಂತೆಯಿಂದ ಹೃದಯ ಕೆಡುತ್ತದೆಂಬುದು ಜನರ ನಂಬಿಕೆ. ಅಲ್ಲಿ ಹೆಚ್ಚು ಕೆಟ್ಟುದು ಕೆಳಗಿನ ಮೆಟ್ಟಲುಗಳಲ್ಲಿದ್ದವರ ಹೃದಯ.

ಪೈಜಾಮ ಕಾರ್ಖಾನೆಯ ಕಥೆಯನ್ನು ದೂರದೇಶದ ಹಳೆಯ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಸುತ್ತಮುತ್ತಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಇಂದು ಲಕ್ಷಾಂತರ ಹೆಂಗಸರು ಗಂಟೆಗಿಷ್ಟು ಎಂಬ ಗುರಿಯ ಕೆಳಗೆ ಹೊಲಿಯುತ್ತಿದ್ದಾರೆ. ಬೀದಿಯಲ್ಲಿ ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಧಾವಿಸುವ ಯುವಕನಿಗೆ ಮೇಲಧಿಕಾರಿಯ ಮುಖವೇ ಇಲ್ಲ. ಯಾವ ಕೆಲಸ ಯಾರಿಗೆ, ಎಷ್ಟು ಹಣಕ್ಕೆ ಎಂಬುದನ್ನು ಮೊಬೈಲಿನೊಳಗಿನ ಒಂದು ಲೆಕ್ಕ ಗೊತ್ತುಮಾಡುತ್ತದೆ. ಗದರುವ ಮೇಸ್ತ್ರಿಯೊಡನೆ ಜಗಳವಾಡಬಹುದು. ಲೆಕ್ಕದೊಡನೆ ಜಗಳವಾಡುವುದು ಹೇಗೆ?

ಇಷ್ಟೆಲ್ಲ ಬರೆದ ನಾವು ನಮ್ಮ ಪ್ರಯೋಗಶಾಲೆಯ ವಿಷಯವನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕರಾಗುತ್ತೇವೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ದಾರ ಎಷ್ಟುದ್ದ, ಆಂದೋಲನಗಳು ಎಷ್ಟು, ಪಟ್ಟಿ ಬರೆಯುವುದು ಹೇಗೆ ಎಲ್ಲವನ್ನೂ ಅಚ್ಚು ಹಾಕಿದ ಹಾಳೆಯೊಂದರಲ್ಲಿ ಕೊಟ್ಟಿರುತ್ತೇವೆ. ಬರಬೇಕಾದ ಉತ್ತರವೂ ಎಲ್ಲರಿಗೂ ಗೊತ್ತು. ಫಲವಾಗಿ ಅನೇಕರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಳತೆಗಳನ್ನು ತಯಾರಿಸುತ್ತಾರೆ. ನಾವು ಉಪಾಧ್ಯಾಯರ ಕೋಣೆಯಲ್ಲಿ ಕುಳಿತು, ಈಗಿನ ಹುಡುಗರಿಗೆ ಶ್ರದ್ಧೆಯಿಲ್ಲವೆಂದು ನಿಟ್ಟುಸಿರು ಬಿಡುತ್ತೇವೆ. ಪೈಜಾಮದ ಕಥೆ ಓದಿದ ಮೇಲೆ ಹಾಗೆ ನಿಟ್ಟುಸಿರು ಬಿಡುವುದು ಕಷ್ಟವಾಯಿತು. ಪಠ್ಯಕ್ರಮವನ್ನು ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಆ ವಿಷಯದಲ್ಲಿ ನಾವೂ ಗುಂಡಿಯಿಲ್ಲದವರೇ. ಹಾಳೆಯನ್ನು ಕೊಡದಿರುವುದು ಮಾತ್ರ ಸಾಧ್ಯವಿದ್ದಿತು. ಒಂದು ತರಗತಿಗೆ, ದಾರದ ಉದ್ದವನ್ನೂ ಆಂದೋಲನಗಳ ಸಂಖ್ಯೆಯನ್ನೂ ಇಬ್ಬಿಬ್ಬರು ಸೇರಿ ನೀವೇ ಗೊತ್ತುಮಾಡಿ, ಯಾವ ಉತ್ತರ ಬಂದರೂ ಸಹಿ ಹಾಕುತ್ತೇವೆ, ಅದು ಏಕೆ ಹಾಗೆ ಬಂದಿತೆಂಬುದನ್ನು ಮಾತ್ರ ಬರೆಯಬೇಕು ಎಂದೆವು. ಮೊದಲ ವಾರ ಯಾರೂ ನಂಬಲಿಲ್ಲ. ಪಕ್ಕದ ತರಗತಿಯವರಿಂದ ಹಾಳೆಯನ್ನು ಎರವಲು ತಂದವರೂ ಇದ್ದರು. ಒಂದು ಜೋಡಿ 953 ಎಂಬ ಬೆಲೆಯನ್ನು ಅಂಜುತ್ತಂಜುತ್ತ ತಂದು ತೋರಿಸಿತು. ನಾವು ಸಹಿ ಹಾಕಿದೆವು. ಮೂರನೆಯ ವಾರ ಗಂಟೆ ಬಾರಿಸಿ ಎಲ್ಲರೂ ಹೊರಟ ಮೇಲೆ ಅದೇ ಇಬ್ಬರು ತಾವಾಗಿಯೇ ಉಳಿದುಕೊಂಡು ಮತ್ತೆ ಲೋಲಕವನ್ನು ತೂಗುಹಾಕುತ್ತಿದ್ದರು. ದಾರ 50 ಸೆಂಟಿಮೀಟರ್ ಇದ್ದಾಗ 953, ಅದನ್ನೇ 1 ಮೀಟರ್ ಮಾಡಿದರೆ 966 ಬರುತ್ತದೆ ಸಾರ್, ಉದ್ದವಾದಷ್ಟೂ ಸರಿಯಾಗುವುದೇಕೆ ಎಂದು ಕೇಳಿದರು. ನಾವು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರಲ್ಲೊಬ್ಬಳು ಗುಂಡನ್ನು ಕೈಗೆ ತೆಗೆದುಕೊಂಡು, ದಾರವನ್ನು ಇದರ ನೆತ್ತಿಯವರೆಗೆ ಮಾತ್ರ ಅಳೆದಿದ್ದೇವಲ್ಲ, ಎಂದಳು.